ಇನ್ನೂ ಬಾರದ ಗುರುವಾರದ ಷರಾ

ಬೀರವ್ವ ಕೆರೆ ಕೆಲಸಕ್ಕೆ ಸೇರಿದ ಮೂರನೆಯ ದಿನ ಕೂಲಿಗಳ ಮೇಲ್ವಿಚಾರಕ, ಮುಕಾದಮ ತುಕಾರಾಮ ಅವಳ ಬುಟ್ಟಿಯನ್ನು ಕಾಲಿನಿಂದ ಒದ್ದು ಸರಿಸಿದ. ಅದು ಮಣ್ಣು ಹೊರುವ ಬುಟ್ಟಿಯಲ್ಲ. ಜಾಲಿಗಿಡದ ನೆರಳಿನಲ್ಲಿ ಇಟ್ಟಿದ್ದ ಆ ಬುಟ್ಟಿಯಲ್ಲಿ ಅವಳ ಹನ್ನೊಂದು ತಿಂಗಳ ಮಗಳು ಮಾಯವ್ವ ಮಲಗಿದ್ದಳು. ಮಗು ಬೆಚ್ಚಿಬಿದ್ದು ಚೀರಿತು. ತಲೆಯ ಮೇಲಿದ್ದ ಮಣ್ಣನ್ನು ಅಲ್ಲೇ ಸುರುವಿ ಬೀರವ್ವ ಓಡಿಬಂದಳು.

"ಅಗಿಯೂ ಜಾಗಾದಾಗ ಕೂಸು ಇಡಬಾರದು ಅಂತ ಎಷ್ಟ ಸಲ ಹೇಳೂದು ನಿನಗ?" ಎಂದ ತುಕಾರಾಮ. "ಕೂಸು ಇಡಾಕಂತನ ಅಲ್ಲಿ ಪಾಳಣಾಘರ ಕಟ್ಟಿಸ್ಯಾರ, ಅದರಾಗ ಹಾಕು. ಇಲ್ಲಾಂದ್ರ ಮನಿ ಹಾದಿ ಹಿಡಿ."

ಅದು ಎಪ್ಪತ್ತಮೂರನೆಯ ಇಸವಿಯ ಫೆಬ್ರವರಿ. ಗಡಿಯಾಚೆಯ ಜತ್ತ ತಾಲೂಕಿನಲ್ಲಿ, ಉಟಗಿಗೂ ತಿಕೋಂಡಿಗೂ ನಡುವೆ ಹಳ್ಳಕ್ಕೆ ಅಡ್ಡಲಾಗಿ, ಮರಾಠಿಯಲ್ಲಿ ಕಾರಭಾರ ನಡೆಸುವ ಸರಕಾರ ಬರಗಾಲದ ಕೂಲಿಗೆಂದು ಏರಿ ಹಾಕಿಸುತ್ತಿತ್ತು. ಸುತ್ತಲಿನ ಹತ್ತು ಹಳ್ಳಿಯ ಹೆಂಗಸರು ಅಲ್ಲಿ ಬುಟ್ಟಿ ಹೊರುತ್ತಿದ್ದರು. ಬೀರವ್ವನ ಗಂಡ ಅಮಸಿದ್ದ ಕುರಿ ಹೊಡೆದುಕೊಂಡು ಕೃಷ್ಣಾ ನದಿಯ ಕಡೆ ಹೋಗಿ ಮೂರು ತಿಂಗಳಾಗಿತ್ತು. ಅತ್ತೆ ಇರಲಿಲ್ಲ, ತವರು ದೂರ. ಮಗುವನ್ನು ಬಿಟ್ಟು ಬರಲು ಊರಲ್ಲಿ ಒಂದು ನಂಬಿಗಸ್ತ ಮನೆ ಸಿಗಲಿಲ್ಲವೆಂದೇ ಅವಳು ಬುಟ್ಟಿ ಹೊತ್ತು ತಂದದ್ದು.

ಮಧ್ಯಾಹ್ನದ ಬುತ್ತಿಯ ಹೊತ್ತಿಗೆ ಮಗಳನ್ನು ಸೊಂಟಕ್ಕೇರಿಸಿಕೊಂಡು ಅವಳು ಪಾಳಣಾಘರಕ್ಕೆ ನಡೆದಳು. ಹೆಸರು ದೊಡ್ಡದು, ಇದ್ದದ್ದು ನಾಲ್ಕು ತಟ್ಟಿ, ಮೇಲೊಂದು ಹುಲ್ಲಿನ ಮಾಡು. ಒಳಗೆ ಮಕ್ಕಳನ್ನು ಮಲಗಿಸಲು ಹಗ್ಗಕ್ಕೆ ತೂಗುಬಿಟ್ಟ ಹಳೆಯ ಸೀರೆಯ ಜೋಳಿಗೆಗಳು, ಕೆಳಗೆ ಗೋಣಿತಾಟು. ಬಾಗಿಲ ಪಕ್ಕದಲ್ಲಿ ಒಂದು ಹಲಗೆ ಹೊಡೆದಿದ್ದರು. ಅದರ ಮೇಲೆ ಯಾರೋ ಒದ್ದೆ ಸೀರೆ ಹರವಿದ್ದರು. ಬೀರವ್ವ ಸೀರೆಯ ಅಂಚು ಎತ್ತಿ ನೋಡಿದಳು. ಮರಾಠಿಯ ಅಕ್ಷರ.

ಅವಳಿಗೆ ಓದು ಬರುತ್ತದೆಂದು ಗಂಡನ ಊರು ತಿಕೋಂಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಾಲೂಕಿನ ಪಶ್ಚಿಮದಲ್ಲಿದ್ದ ತವರೂರಿನಲ್ಲಿ ಮರಾಠಿ ಶಾಲೆಯೊಂದೇ ಇತ್ತು. ಅಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕೂತಿದ್ದಳು. ಮದುವೆಯಾದ ಮೇಲೆ ಕುರಿಗಳ ನಡುವೆ ಆ ಅಕ್ಷರದ ಗರಜು ಬಿದ್ದಿರಲಿಲ್ಲ. ಈಗ ಒಂದೊಂದೇ ಕೂಡಿಸಿಕೊಂಡು ಓದಿದಳು: ಮಂಜೂರಾದ ಮಕ್ಕಳು ಇಪ್ಪತ್ತು. ಸೇವಿಕೆಯರು ಇಬ್ಬರು. ತಪಾಸಣೆಯ ಪುಸ್ತಕವನ್ನು ಪಾಲಕರು ಕೇಳಿದಾಗ ತೋರಿಸತಕ್ಕದ್ದು.

"ಏ, ನನ್ನ ಸೀರಿಗ್ಯಾಕ ಕೈ ಹಚ್ಚತಿ?"

ಚಂದ್ರಾಬಾಯಿ ಹೊರಗೆ ಬಂದಳು. ಮುಕಾದಮನ ಅಕ್ಕ, ನಲವತ್ತರ ಹೆಂಗಸು. ಮಕ್ಕಳಿಗೆ ಹಂಚುವ ಸುಕಡಿಯ ಹಿಟ್ಟು ಅವಳ ಬೆರಳುಗಳಿಗೆ ಮೆತ್ತಿಕೊಂಡಿತ್ತು.

"ಕೂಸು ಬಿಡಬೇಕಾಗಿತ್ರಿ ಅಕ್ಕಾ," ಎಂದಳು ಬೀರವ್ವ.

"ಒಳಗ ಹಾಕಿ ಹೋಗು."

ಬೀರವ್ವ ಒಳಗೆ ಕಾಲಿಟ್ಟವಳು ಹೊಸ್ತಿಲಲ್ಲೇ ನಿಂತಳು. ನೆತ್ತಿಯ ಮೇಲೆ ಹನ್ನೆರಡರ ಬಿಸಿಲು. ಎರಡು ಸಾಲಿನಲ್ಲಿ ಮಕ್ಕಳೇ ಮಕ್ಕಳು, ಜೋಳಿಗೆಯಲ್ಲಿ ಒಂದಿಷ್ಟು, ಗೋಣಿಯ ಮೇಲೆ ಒಂದಿಷ್ಟು. ಎಲ್ಲ ಮಲಗಿದ್ದವು. ಒಂದರ ತುಟಿಯ ಮೇಲೆ ನೊಣ ಹರಿದಾಡುತ್ತಿದ್ದರೂ ಅದು ಮುಖ ಕೂಡ ಕೊಡವಲಿಲ್ಲ. ಬೀರವ್ವ ಹುಟ್ಟಿದಾಗಿನಿಂದ ಮರಿಗಳನ್ನು ಕಂಡವಳು. ದೊಡ್ಡಿಯಲ್ಲಿ ನಲವತ್ತು ಮರಿಯಿದ್ದರೆ ಒಂದಾದರೂ ಅರಚುತ್ತಿರುತ್ತದೆ. ಎಲ್ಲವೂ ಸುಮ್ಮನಾದರೆ ಕುರುಬ ಕೋಲು ಹಿಡಿದು ಏಳುತ್ತಾನೆ. ಅವಳು ಮಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

"ಎಲ್ಲಾ ಕೂಸು ಒಮ್ಮೆಲೇ ಹೆಂಗ ಮಲಗ್ಯಾವ್ರಿ?"

"ಉಂಡಾವು, ಮಲಗ್ಯಾವು. ನಿನ್ನ ಕೂಸು ಮಲಗೂದಿಲ್ಲೇನ?"

"ಪುಸ್ತಕ ತೋರಸ್ರಿ. ತಪಾಸಣಿ ಮಾಡಿದವರು ಬರದಿರತಾರಲ್ಲ, ಅದು."

ಚಂದ್ರಾಬಾಯಿ ಬೆರಳ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಅವಳು ನಕ್ಕಳು. ಬುತ್ತಿ ಬಿಚ್ಚಿಕೊಂಡು ನೆರಳಿಗೆ ಕೂತಿದ್ದ ಹೆಂಗಸರ ಕಡೆ ತಿರುಗಿ ದೊಡ್ಡ ದನಿಯಲ್ಲಿ ಅಂದಳು: "ಕೇಳ್ರೆವ್ವಾ! ಮಾಮಲೇದಾರನ ಹೇಣತಿ ಬಂದಾಳ. ಈಕಿಗಿ ಪುಸ್ತಕ ಬೇಕಂತ!"

ಹೆಂಗಸರೂ ನಕ್ಕರು. ನಗು ಬೀರವ್ವನ ಬೆನ್ನಿಗೆ ಚುಚ್ಚಿತು. ಆದರೂ ಅವಳು ಜಾಗ ಬಿಡಲಿಲ್ಲ. "ಕೇಳಿದ್ರ ತೋರಸಬೇಕು ಅಂತ ಹಲಗಿ ಮ್ಯಾಲ ಐತಿ," ಎಂದಳು.

ಇವಳಿಗೆ ಅದನ್ನು ಯಾರೋ ಹೇಳಿಕೊಟ್ಟಿದ್ದಾರೆ, ಇವಳೇನು ಓದಿಯಾಳು ಎಂದುಕೊಂಡಳೋ ಏನೋ, ಚಂದ್ರಾಬಾಯಿ ತಟ್ಟಿಗೆ ಸಿಗಿಸಿದ್ದ ಪುಸ್ತಕ ಕಿತ್ತು ಅವಳ ಎದೆಗೆ ಎಸೆದಳು. "ನೋಡು. ತಲಿಕೆಳಗ ಮಾಡಿ ಹಿಡಿಬ್ಯಾಡ ಮತ್ತ."

ಬೀರವ್ವ ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತಳು. ಮೊದಲನೆಯ ಷರಾ ಜನವರಿ ಹನ್ನೊಂದರದು. ಅಕ್ಷರ ಸಣ್ಣವು, ಬಲಕ್ಕೆ ವಾಲಿದಂಥವು. ಓದಲು ಬಹಳ ಹೊತ್ತು ಹಿಡಿಯಿತು. ಹಗಲು ಹನ್ನೊಂದು ಗಂಟೆಗೆ ಬಂದೆ. ಮಕ್ಕಳು ಮೂವತ್ತೆಂಟು. ಸೇವಿಕೆ ಒಬ್ಬಳೇ, ಎರಡನೆಯವಳು ಕಾಣಲಿಲ್ಲ. ನೀರಿನ ಗಡಿಗೆಗೆ ಮುಚ್ಚಳವಿಲ್ಲ. ಮಕ್ಕಳೆಲ್ಲ ಒಂದೇ ಸಮನೆ ನಿದ್ದೆಯಲ್ಲಿದ್ದರು. ಐವರನ್ನು ಅಲುಗಿಸಿದರೂ ಏಳಲಿಲ್ಲ. ಕಾರಣ ಕೇಳಿದರೆ ಸರಿಯಾದ ಉತ್ತರ ಬರಲಿಲ್ಲ. ಹದಿನೈದು ದಿನದೊಳಗೆ ಎಲ್ಲ ಸರಿಪಡಿಸಬೇಕು, ಮತ್ತೆ ಬಂದು ನೋಡುವೆ. ಕೆಳಗೆ ಇಂದುಮತಿಬಾಯಿ, ಮುಖ್ಯಸೇವಿಕಾ, ಜತ್ತ ಕಚೇರಿ ಎಂಬ ಸಹಿ, ಸಹಿಯ ಕೆಳಗೆ ಒಂದು ಗೀಟು.

ಎರಡನೆಯ ಷರಾ ಜನವರಿ ಇಪ್ಪತ್ತೈದರದು. ಎಲ್ಲ ಠೀಕ ಇದೆ, ದೋಷ ನಿವಾರಣೆಯಾಗಿದೆ. ಇಷ್ಟೇ. ಎಷ್ಟು ಗಂಟೆಗೆ ಬಂದದ್ದು, ಎಷ್ಟು ಮಕ್ಕಳಿದ್ದರು, ಒಂದೂ ಇಲ್ಲ. ಅಕ್ಷರ ಗುಂಡಗಿದ್ದವು, ಕೆಳಗೆ ಅದೇ ಹೆಸರಿನ ಸಹಿ, ಆದರೆ ಗೀಟಿಲ್ಲ. ಫೆಬ್ರವರಿ ಎಂಟರ ಷರಾದಲ್ಲೂ ಅದೇ ಮಾತು. ಬೀರವ್ವ ತಲೆಯೆತ್ತಿ ಒಳಗೆ ನೋಡಿದಳು. ಮೂಲೆಯಲ್ಲಿ ಗಡಿಗೆ ಬಾಯಿ ತೆರೆದುಕೊಂಡೇ ಕೂತಿತ್ತು. ಸೇವಿಕೆ ಈಗಲೂ ಒಬ್ಬಳೇ. ಮಕ್ಕಳು ಈಗಲೂ ಮಲಗಿದ್ದರು. ಹಾಗಾದರೆ ನಿವಾರಣೆಯಾದದ್ದು ಏನು?

ಕೆಳಗೆ ಇನ್ನೊಂದು ಷರಾ ಇತ್ತು. ಎಲ್ಲ ಠೀಕ ಇದೆ, ದೋಷ ನಿವಾರಣೆಯಾಗಿದೆ. ತಾರೀಖು ಫೆಬ್ರವರಿ ಇಪ್ಪತ್ತೆರಡು.

ಅವಳು ಬೆರಳು ಮಡಚಿ ಎಣಿಸಿದಳು. ಬೆಳಿಗ್ಗೆ ಹಜೇರಿ ಕೂಗುವಾಗ ತುಕಾರಾಮನೇ ಹದಿನೇಳು, ಶನಿವಾರ ಎಂದಿದ್ದ. ಇಪ್ಪತ್ತೆರಡೆಂದರೆ ಬರುವ ಗುರುವಾರ.

"ಇನ್ನೂ ಬರದ ಗುರುವಾರದ ಷರಾ ಇವತ್ತ ಯಾರ ಬರದ್ರಿ ಅಕ್ಕಾ?" ಎಂದು ಕೇಳಿದಳು.

ಚಂದ್ರಾಬಾಯಿ ಹಾರಿಬಂದು ಪುಸ್ತಕ ಕಸಿದಳು. "ಓದಾಕ ಬರತೈತೇನ ನಿನಗ, ರಂಡಿ?" ಎಂದವಳೇ ತಮ್ಮನನ್ನು ಕೂಗಿದಳು. ತುಕಾರಾಮ ಬರುವಷ್ಟರಲ್ಲಿ ನೆರಳಿನ ಹೆಂಗಸರೆಲ್ಲ ಎದ್ದು ಬಂದಿದ್ದರು. ಬೀರವ್ವ ಅವರಿಗೆ ತಾನು ಓದಿದ್ದನ್ನು ಕನ್ನಡದಲ್ಲಿ ಹೇಳಿದಳು. ಅವರಿಗೆ ಸಿಟ್ಟು ಬರುತ್ತದೆ, ತನ್ನ ಬೆನ್ನಿಗೆ ನಿಲ್ಲುತ್ತಾರೆ ಎಂದುಕೊಂಡಿದ್ದಳು. ಸಿಟ್ಟೇನೋ ಬಂತು, ಅವಳ ಮೇಲೆ.

ಮೊದಲು ಬಾಯಿ ತೆರೆದವಳು ಉಟಗಿಯ ಹಾಲವ್ವ. ಮೂರು ದಿನದಿಂದ ಸಾಲಿನಲ್ಲಿ ಬೀರವ್ವನ ಪಕ್ಕದಲ್ಲೇ ಬುಟ್ಟಿ ಹೊರುತ್ತಿದ್ದವಳು. ಅವಳ ಮಗ, ಒಂದೂವರೆ ವರ್ಷದ ಶಿವಯೋಗೆಪ್ಪ, ಜನವರಿಯಿಂದಲೂ ಈ ತಟ್ಟಿಯೊಳಗೇ ಇರುತ್ತಿದ್ದ.

"ನಿನ್ನ ಕೂಸು ಹಾಕೂದು ಬ್ಯಾಡಾದ್ರ ಬಿಡು. ನಮ್ಮ ಅನ್ನದಾಗ ಯಾಕ ಮಣ್ಣು ಹಾಕತಿ? ಇದು ಬಂದ್ ಆತಂದ್ರ ನಾಳಿ ಮಕ್ಕಳನ್ನ ತಲಿ ಮ್ಯಾಲ ಹೊತ್ಗೊಂಡ ಮಣ್ಣು ಹೊರೂಣೇನ?"

"ಸಂಜೀಕ ಮನಿಗಿ ಒಯ್ದಾಗ ನಿನ್ನ ಮಗಾ ಹೆಂಗಿರತಾನ ಹಾಲವ್ವಾ? ಮಲಿ ಕುಡೀತಾನ?"

ಹಾಲವ್ವನ ಮುಖ ಕಪ್ಪಿಟ್ಟಿತು. "ಸುಸ್ತಾಗಿರತಾನ."

"ಹಗಲೆಲ್ಲಾ ಮಲಗಿದ ಕೂಸಿಗಿ ಯಾತರ ಸುಸ್ತ?"

ಹಾಲವ್ವ ಕೆಳಗೆ ಬಗ್ಗಿ ಹಿಡಿ ಮಣ್ಣೆತ್ತಿ ಅವಳ ಮುಖಕ್ಕೆ ತೂರಿದಳು. ಮಣ್ಣು ಮಾಯವ್ವನ ಕಣ್ಣಿಗೂ ಬಿತ್ತು. ಮಗು ಅತ್ತದ್ದಕ್ಕೆ ಯಾರೂ ಅಯ್ಯೋ ಅನ್ನಲಿಲ್ಲ. ತುಕಾರಾಮ ಹಜೇರಿಯ ಪಟ್ಟಿ ತೆಗೆದು, ಎಲ್ಲರೂ ನೋಡುವಂತೆ, ಬೀರವ್ವನ ಹೆಸರಿನ ಮೇಲೆ ಪೆನ್ಸಿಲ್ ಎಳೆದ. "ಇನ್ನ ಓದಕೋತ ಕುಂದ್ರು ಮನ್ಯಾಗ," ಎಂದ.

ಭಾನುವಾರವೆಲ್ಲ ಅವಳು ಮನೆಯಲ್ಲಿ ಕೂತು ಕುದಿದಳು. ನಾನ್ಯಾಕೆ ಊರ ಉಸಾಬರಿ ಮೈಮೇಲೆ ಹಾಕಿಕೊಳ್ಳಲಿ, ನನ್ನ ಕೂಸನ್ನಂತೂ ಅಲ್ಲಿ ಬಿಡಲಿಲ್ಲ ಎಂದು ಹತ್ತು ಸಲ ಅಂದುಕೊಂಡಳು. ಹಾಲವ್ವನ ನೆನಪಾದಾಗಲೆಲ್ಲ ಹಲ್ಲು ಕಚ್ಚಿದಳು. ಆದರೆ ಕಣ್ಣು ಮುಚ್ಚಿದರೆ ತುಟಿಯ ಮೇಲಿನ ನೊಣ ಕಾಣುತ್ತಿತ್ತು. ಸೋಮವಾರ ನಸುಕಿನಲ್ಲೇ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಎಸ್.ಟಿ. ಬಸ್ಸು ಹತ್ತಿ ಜತ್ತಕ್ಕೆ ಹೋದಳು.

ಕಚೇರಿಯಲ್ಲಿ ಮೂರು ತಾಸು ಅವಳನ್ನು ಹೊರಗೇ ನಿಲ್ಲಿಸಿದರು. ಇಂದುಮತಿಬಾಯಿ ತೆಳ್ಳಗಿನ ಹೆಂಗಸು, ದಪ್ಪ ಕನ್ನಡಕ. ಮರಾಠಿಯಲ್ಲಿ ಮಾತಾಡುತ್ತಿದ್ದಳು. ಮುಖದಲ್ಲಿ ಒಂದು ಎಳೆ ನಗುವಿರಲಿಲ್ಲ. ಮುಖ ಎತ್ತದೆ ಅರ್ಜಿ ಕೇಳಿದಳು. ಅರ್ಜಿ ಇಲ್ಲ ಎಂದಾಗ, ಅರ್ಜಿಯಿಲ್ಲದೆ ಬಾಯಿಮಾತಿನ ತಕರಾರು ಕೇಳುತ್ತ ಕೂತರೆ ನನಗೆ ಬೇರೆ ಕೆಲಸವಿಲ್ಲವೇ ಎಂದು ಗದರಿದಳು. ತನ್ನ ಪಾಲಿಗೆ ನಲವತ್ತು ಕಾಮಗಾರಿಗಳಿವೆ, ವಾರಕ್ಕೊಮ್ಮೆ ಜೀಪು ಸಿಕ್ಕರೆ ಹೆಚ್ಚು ಎಂದಳು. ಉಟಗಿ ಕಡೆಯ ದೋಷಗಳು ಸರಿಯಾಗಿವೆ ಎಂದು ಅಲ್ಲಿಂದಲೇ ಕಾಗದ ಬಂದಿದೆ ಎಂದಳು.

"ನೀವ ಮತ್ತ ಹೋಗಿ ನೋಡಿಲ್ಲೇನ್ರಿ ಬಾಯಾರ?" ಬೀರವ್ವ ತನಗೆ ಬಂದಷ್ಟು ಮರಾಠಿಯಲ್ಲಿ ಕೇಳಿದಳು.

"ಕಾಗದ ಬಂದಿದೆ ಅಂದೆನಲ್ಲ."

"ಮತ್ತ ಬರೂ ಗುರುವಾರ ನೀವ ಬಂದು ಹೋಗೀರಿ ಅಂತ ಸಹಿ ಐತಲ್ರಿ."

ಇಂದುಮತಿಬಾಯಿ ಈಗ ಮುಖ ಎತ್ತಿದಳು. ಗೋಡೆಯ ಕ್ಯಾಲೆಂಡರ್ ನೋಡಿದಳು. ಇನ್ನೊಮ್ಮೆ ಹೇಳಿಸಿದಳು. ಬೀರವ್ವ ನಾಲ್ಕು ಷರಾಗಳನ್ನೂ ಸಾಲಾಗಿ ಹೇಳಿದಳು. ಮೊದಲನೆಯದರಲ್ಲಿ ಗಂಟೆ, ಮಕ್ಕಳ ಲೆಕ್ಕ, ತಪ್ಪುಗಳು. ಉಳಿದ ಮೂರರಲ್ಲಿ ಒಂದೇ ಮಾತು. ಮೊದಲನೆಯ ಸಹಿಯ ಕೆಳಗೆ ಗೀಟಿದೆ, ಉಳಿದವುಗಳಲ್ಲಿ ಇಲ್ಲ.

ಇಂದುಮತಿಬಾಯಿಯ ಕತ್ತಿನ ನರ ಉಬ್ಬಿತು. "ನನ್ನ ಸಹಿ!" ಎಂದಳು. "ನನ್ನ ಹೆಸರಿನ ಸಹಿ ಹಾಕಿದ್ದಾರೆಯೇ!"

ಈಕೆಗೆ ಸಿಟ್ಟು ಬಂದದ್ದು ಸಹಿಗಾಗಿ, ಮಕ್ಕಳಿಗಾಗಿ ಅಲ್ಲ ಎಂದು ಬೀರವ್ವನಿಗೆ ತಿಳಿಯಿತು. ಆದರೂ ಯಾವ ಸಿಟ್ಟಾದರೇನು, ಅಷ್ಟು ದೂರ ಎದ್ದು ಬಂದರೆ ಸಾಕಾಗಿತ್ತು.

"ಸುಳ್ಳಾದರೆ ನಿನ್ನ ಮೇಲೆ ಕೇಸು ಹಾಕಿಸುತ್ತೇನೆ," ಎಂದಳು ಇಂದುಮತಿಬಾಯಿ.

"ಹಾಕಸ್ರಿ. ಆದ್ರ ಬರೂ ಸುದ್ದಿ ಮುಂಚೆ ಯಾರಿಗೂ ಕಳಸಬ್ಯಾಡ್ರಿ."

ಜೀಪು ಸಿಕ್ಕಿದ್ದು ಗುರುವಾರವೇ. ಹನ್ನೊಂದರ ಸುಮಾರಿಗೆ ಅದು ಏರಿಯ ಮೇಲೆ ಧೂಳೆಬ್ಬಿಸಿಕೊಂಡು ಬಂದಾಗ, ದಿನಾಲೂ ಬಂದು ದಾರಿ ಕಾಯುತ್ತಿದ್ದ ಬೀರವ್ವ ದೂರದ ಜಾಲಿಯ ಕೆಳಗೆ ನಿಂತಿದ್ದಳು. ಇಂದುಮತಿಬಾಯಿ ಯಾರನ್ನೂ ಮಾತಾಡಿಸದೆ ನೇರ ತಟ್ಟಿಯೊಳಗೆ ನುಗ್ಗಿದಳು. ಚಂದ್ರಾಬಾಯಿ ಪುಸ್ತಕವನ್ನು ಸೆರಗಿನೊಳಗೆ ಸೇರಿಸಲು ಹೋದಳು, ಆಗಲಿಲ್ಲ. ಇಂದುಮತಿಬಾಯಿ ಆ ದಿನದ ಷರಾ ಓದಿದಳು, ಪುಸ್ತಕ ಮಡಚಿ ಬಗಲಿಗೆ ಸಿಕ್ಕಿಸಿದಳು. ಆಮೇಲೆ ಮೊಣಕಾಲೂರಿ ಒಂದೊಂದೇ ಮಗುವನ್ನು ಅಲುಗಿಸತೊಡಗಿದಳು. ಒಂದು ಕಣ್ಣು ತೆರೆದು ಮುಚ್ಚಿತು. ಇನ್ನೊಂದು ನರಳಿತು. ಶಿವಯೋಗೆಪ್ಪನನ್ನು ಅಲುಗಿಸಿದಳು, ಕೆನ್ನೆ ತಟ್ಟಿದಳು, ಮುಖಕ್ಕೆ ನೀರು ಹೊಡೆದಳು. ಅವನು ಏಳಲಿಲ್ಲ. ತುಟಿ ನೀಲಿಗಟ್ಟಿತ್ತು. ಉಸಿರು ಬಂದು, ಬಹಳ ಹೊತ್ತು ನಿಂತು, ಮತ್ತೆ ಬರುತ್ತಿತ್ತು.

"ಇದರ ತಾಯಿ ಯಾರು?" ಎಂಬ ಕೂಗು ಹೊರಗೆ ಬಂತು. ಸಿಟ್ಟೆಲ್ಲ ಹೋಗಿ ಈಗ ಆ ದನಿಯಲ್ಲಿ ಹೆದರಿಕೆಯೊಂದೇ ಇತ್ತು.

ಹಾಲವ್ವ ಏರಿಯಿಂದ ಓಡಿಬಂದಳು. ಬುಟ್ಟಿ ಎಲ್ಲಿ ಬಿತ್ತೋ ಅವಳಿಗೇ ಗೊತ್ತಿರಲಿಲ್ಲ. ಮಗನನ್ನು ಎದೆಗೆ ಅವಚಿಕೊಂಡು, "ಶಿವ್ಯಾ, ಏಳೋ, ಶಿವ್ಯಾ," ಎಂದು ಚೀರಿದಳು. ಇಂದುಮತಿಬಾಯಿ ಅವಳನ್ನು ಎಳೆದು ಜೀಪಿಗೆ ಹತ್ತಿಸಿದಳು. ಹತ್ತುವ ಮೊದಲು ಚಂದ್ರಾಬಾಯಿಯ ರಟ್ಟೆ ಹಿಡಿದು, "ಏನು ಹಾಕಿದ್ದೀ? ಡಾಕ್ಟರಿಗೆ ಹೇಳಬೇಕು, ಬೊಗಳು," ಎಂದಳು.

ಚಂದ್ರಾಬಾಯಿ ಸೊಂಟದಿಂದ ಒಂದು ತಗಡಿನ ಡಬ್ಬಿ ತೆಗೆದಳು. ಸಾಸಿವೆಯಷ್ಟು ಸಣ್ಣ ಕಪ್ಪು ಗುಳಿಗೆಗಳು. ಅಫೀಮು.

ಜೀಪು ಹೋಯಿತು. ಹೆಂಗಸರು ತಟ್ಟಿಗೆ ನುಗ್ಗಿ ತಮ್ಮ ತಮ್ಮ ಮಕ್ಕಳನ್ನು ಎತ್ತಿಕೊಂಡರು. ಯಾರೋ ಚಂದ್ರಾಬಾಯಿಯ ಜುಟ್ಟು ಹಿಡಿದರು. ಅವಳು ಬಿಡಿಸಿಕೊಂಡು ನಿಂತು ಎಲ್ಲರ ಮುಖಕ್ಕೂ ಕಿರುಚಿದಳು: "ನಲವತ್ತ ಮಕ್ಕಳು, ನಾ ಒಬ್ಬಾಕಿ! ಒಂದ ಅತ್ರ ನಲವತ್ತೂ ಅಳತಾವ. ಎರಡನೇದಾಕಿ ಬರತಾಳ ಅಂದ ತುಕಾರಾಮ, ಎಂದೂ ಬರಲಿಲ್ಲ. ನಿಮಗ ಗೊತ್ತಿರಲಿಲ್ಲೇನ? ಸಂಜೀಕ ಕೂಸು ಎತ್ಗೊಂಡ ಹೋಗುವಾಗ ಒಬ್ಬಾಕಿಯಾರ ಕೇಳೀರೇನ ನನ್ನ?"

ಜಾಲಿಯ ಕೆಳಗಿದ್ದ ಬೀರವ್ವನಿಗೂ ಆ ಮಾತು ಕೇಳಿಸಿತು. ಚಂದ್ರಾಬಾಯಿಯ ಮೇಲೆ ಅವಳಿಗಿದ್ದ ದ್ವೇಷ ಒಂದು ಗುಲಗಂಜಿಯಷ್ಟೂ ಕಮ್ಮಿಯಾಗಲಿಲ್ಲ. ಆದರೆ ಆ ಮಾತು ಸುಳ್ಳಲ್ಲ ಎನ್ನಿಸಿತು.

ಹುಡುಗ ಉಳಿದ. ಎರಡು ದಿನ ಡಾಕ್ಟರರ ಕೈಯಲ್ಲಿದ್ದು ಮೂರನೆಯ ದಿನ ಕಣ್ಣುಬಿಟ್ಟು ತಾಯಿಯ ಮೊಲೆ ಹಿಡಿದನಂತೆ. ಚಂದ್ರಾಬಾಯಿಯನ್ನು ಪೊಲೀಸರು ಕರೆದೊಯ್ದು ಕೂರಿಸಿಕೊಂಡು, ಜಾಮೀನಿನ ಮೇಲೆ ಬಿಟ್ಟರು. ಸುಳ್ಳು ಷರಾ ಬರೆದದ್ದಕ್ಕೆ ತುಕಾರಾಮನನ್ನು ಆ ಕೆಲಸದಿಂದ ತೆಗೆದರು. ಬೇರೆ ಯಾವುದೋ ರಸ್ತೆಯ ಕೆಲಸಕ್ಕೆ ಮುಕಾದಮನಾಗಿ ಹೋದನೆಂದು ಮುಂದೆ ಸುದ್ದಿ ಬಂತು. ತಟ್ಟಿಗೆ ಬೀಗದ ಬದಲು ಜಾಲಿಮುಳ್ಳು ಬಡಿದರು. ಹೊಸ ವ್ಯವಸ್ಥೆಯಾಗುವವರೆಗೆ ಕೂಸಿರುವ ಹೆಂಗಸರು ಕೆಲಸಕ್ಕೆ ಬರಕೂಡದು ಎಂದು ಹುಕುಂ ಆಯಿತು.

ಹನ್ನೊಂದು ದಿನ. ಆ ಹನ್ನೊಂದು ದಿನ ಬೀರವ್ವ ತಿಂದ ಮಾತು ಅಷ್ಟಿಷ್ಟಲ್ಲ. ಟ್ಯಾಂಕರಿನ ಪಾಳಿಯಲ್ಲಿ ಅವಳ ಕೊಡವನ್ನು ಹಿಂದಕ್ಕೆ ತಳ್ಳಿ ತಳ್ಳಿ ನೀರು ಮುಗಿಯುವಂತೆ ಮಾಡಿದರು. "ಒಳ್ಳೇದ ಮಾಡಿದಿ ಯವ್ವಾ, ಓದಿದಾಕಿ. ಈಗ ಅಕ್ಷರಾ ಬೇಯಿಸಿ ತಿನ್ನೂಣು," ಎಂದು ನಗಾಡಿದರು. ಅವಳ ಮನೆಯಲ್ಲೂ ಹಿಟ್ಟಿರಲಿಲ್ಲ. ಅವಳು ಯಾರಿಗೂ ಸಮಜಾಯಿಷಿ ಕೊಡಲಿಲ್ಲ. ಒಂದು ದಿನ ಮಾತ್ರ ತಡೆಯಲಾಗದೆ ಕೊಡವನ್ನು ನೆಲಕ್ಕೆ ಕುಕ್ಕಿ, "ಉಪಾಸ ಬಿದ್ದೀರಿ, ಮಕ್ಕಳನ್ನ ಮಣ್ಣಾಗ ಇಟ್ಟಿಲ್ಲಲ್ಲ!" ಎಂದಳು. ಅವತ್ತು ನೀರು ಸಿಕ್ಕಿತು.

ಮಾರ್ಚಿನಲ್ಲಿ ಹೊಸ ಪಾಳಣಾಘರ ತೆರೆಯಿತು. ಈ ಸಲ ಸೇವಿಕೆಯರು ಇಬ್ಬರು. ಹಿರಿಯಳು ಗುಡ್ಡಾಪುರದ ಸಿದ್ದಲಿಂಗವ್ವ, ಐದು ಹೆತ್ತು ಹನ್ನೆರಡು ಮೊಮ್ಮಕ್ಕಳನ್ನು ಎತ್ತಿದ ಒರಟು ಮುದುಕಿ. ಇಪ್ಪತ್ತೊಂದನೆಯ ಕೂಸು ಬಂದರೆ ಬಾಗಿಲಿಗೆ ಅಡ್ಡ ಕೂತು ಬಿಡುತ್ತಿದ್ದಳು. ಹೆಚ್ಚಿನ ಮಕ್ಕಳಿಗಾಗಿ ಆಚೆ ಇನ್ನೊಂದು ತಟ್ಟಿ ಏಳಬೇಕಾಯಿತು. ಇಂದುಮತಿಬಾಯಿಯ ಚೀಟಿಯಿಂದ ಬೀರವ್ವನ ಹೆಸರು ಮತ್ತೆ ಹಜೇರಿಗೆ ಬಂತು. ಮಗಳನ್ನು ಬಿಡುವ ಮೊದಲು ಅವಳು ಅರ್ಧ ದಿನ ಒಳಗೇ ಕೂತು ನೋಡಿದಳು. "ಕೆಲಸಕ್ಕ ಬಂದೀಯೋ, ನನ್ನ ಕಾಯಾಕ ಬಂದೀಯೋ?" ಎಂದು ಮುದುಕಿ ಉರಿದುಬಿದ್ದಳು. ಮಕ್ಕಳು ಅಳುತ್ತಿದ್ದವು, ಒಬ್ಬರ ಕೂದಲು ಒಬ್ಬರು ಎಳೆಯುತ್ತಿದ್ದವು, ಒಂದು ಕೂಸು ಮಣ್ಣು ತಿನ್ನಲು ಹೋಗಿ ಏಟು ತಿಂದಿತು. ಬೀರವ್ವ ಮಗಳನ್ನು ಬಿಟ್ಟು ಏರಿಗೆ ಹೋದಳು.

ಹದಿನೈದು ದಿನಕ್ಕೆ ಇಂದುಮತಿಬಾಯಿ ಬಂದು ಷರಾ ಬರೆದು ಹೋದಳು. ಬುತ್ತಿಯ ಹೊತ್ತಿನಲ್ಲಿ ಬೀರವ್ವ ಬಾಗಿಲಲ್ಲಿ ಕೂತು ಪುಸ್ತಕ ಬಿಡಿಸಿದಳು. ಹೆಂಗಸರು ನೆರಳಿನಲ್ಲಿದ್ದರು. ಅವರಲ್ಲಿ ಅರ್ಧಕ್ಕರ್ಧ ಜನ ಇನ್ನೂ ಅವಳೊಂದಿಗೆ ಮಾತು ಬಿಟ್ಟವರೇ. ಹಾಲವ್ವನಂತೂ ಮುಖವನ್ನೇ ನೋಡುತ್ತಿರಲಿಲ್ಲ. ಮಗನನ್ನು ಉಳಿಸಿದ್ದಕ್ಕೆ ಕೈಮುಗಿಯುತ್ತಾಳೆ ಎಂದು ಬೀರವ್ವ ಕಾದಿರಲಿಲ್ಲ. ಮಣ್ಣು ತೂರಿದ ಕೈ ಅಷ್ಟು ಬೇಗ ಮುಗಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಆದರೆ ಹಾಲವ್ವ ರೊಟ್ಟಿ ಮುರಿಯುತ್ತ, ಯಾರಿಗೂ ಅಲ್ಲದಂತೆ, ಎದುರಿನ ಗಾಳಿಗೆ ಕೇಳಿದಳು: "ಏನ ಬರದಾರಂತ?"

ಬೀರವ್ವನೂ ಅವಳ ಕಡೆ ತಿರುಗಲಿಲ್ಲ. ಪುಸ್ತಕಕ್ಕೆ ಹೇಳುವಂತೆ ಓದಿದಳು. ಹಗಲು ಹತ್ತೂವರೆಗೆ ಬಂದೆ. ಮಕ್ಕಳು ಹತ್ತೊಂಬತ್ತು, ಸೇವಿಕೆಯರು ಇಬ್ಬರು. ಎಚ್ಚರವಿದ್ದವರು ಹನ್ನೆರಡು, ಮಲಗಿದ್ದವರು ಏಳು, ಮಲಗಿದ್ದವರು ಕರೆದರೆ ಎದ್ದರು. ಗಡಿಗೆಗೆ ಮುಚ್ಚಳವಿದೆ. ಎರಡು ಜೋಳಿಗೆಯ ಹಗ್ಗ ಸವೆದಿವೆ, ಬದಲಿಸಬೇಕು. ಕೆಳಗೆ ಸಹಿ, ಅದರ ಕೆಳಗೆ ಗೀಟು.

"ನೋಡ್ರಿ, ತಪ್ಪು ಹುಡಕಾಕ ಬಂದಿದ್ಲು, ಸಿಕ್ಕದ್ದು ಎರಡು ಹಗ್ಗ," ಎಂದು ಸಿದ್ದಲಿಂಗವ್ವ ಒಳಗಿನಿಂದ ಬೈದಳು. "ಬರಿಲಿ, ಬರಿಲಿ."

"ಯಾವ ಜೋಳಗಿ?" ಎಂದಳು ಹಾಲವ್ವ. ರೊಟ್ಟಿ ಬಿಟ್ಟು ಎದ್ದೇ ಬಿಟ್ಟಿದ್ದಳು. ಬೀರವ್ವನನ್ನು ದಾಟಿ, ಸೀರೆಯ ನೆರಿಗೆ ಅವಳಿಗೆ ತಾಗದಂತೆ ಹಿಡಿದುಕೊಂಡು ಒಳಗೆ ಹೋದಳು. ಶಿವಯೋಗೆಪ್ಪ ಮಲಗುವ ಜೋಳಿಗೆಯ ಹಗ್ಗ ಹಿಡಿದು ಎಳೆದು ನೋಡಿದಳು. ಅದರ ಎರಡು ಎಳೆ ಹರಿದಿದ್ದವು.

"ಏ ಮುದುಕಿ, ಇದೇನ ಇದು? ನನ್ನ ಮಗಾ ಬಿದ್ದ ಸತ್ರ ನಿಮ್ಮಪ್ಪ ತಂದ ಕೊಡತಾನ?"

"ನಿಮ್ಮಪ್ಪ ತಂದ ಕೊಡ್ಲಿ ಹಗ್ಗಾ! ಬೇಡೀನಿ, ಬಂದಿಲ್ಲ."

"ಬರೂತನಕಾ ನನ್ನ ಮಗಾ ನೆಲದ ಮ್ಯಾಲ ಮಲಗತಾನ. ಹೊಸಾ ಮುಕಾದಮನ್ನ ಕರೀರಿ!"

ಹೆಂಗಸರು ಒಬ್ಬೊಬ್ಬರಾಗಿ ಎದ್ದು ಒಳಗೆ ಹೋಗಿ ತಂತಮ್ಮ ಜೋಳಿಗೆಗಳ ಹಗ್ಗ ಎಳೆದು ನೋಡತೊಡಗಿದರು. ಮುದುಕಿ ಎಲ್ಲರ ತಾತ ಮುತ್ತಾತರನ್ನೂ ಬೈಯುತ್ತಿದ್ದಳು. ಸಂಜೆಯೊಳಗೆ ಹೊಸ ಹಗ್ಗ ಬಂತು.

ಹಾಲವ್ವ ಆಮೇಲೂ ಬೀರವ್ವನೊಂದಿಗೆ ಮಾತಾಡಲಿಲ್ಲ. ಮಳೆಗಾಲಕ್ಕೆ ಕೆಲಸ ನಿಂತು ಎಲ್ಲರೂ ತಮ್ಮ ತಮ್ಮ ಊರಿಗೆ ಹೋಗುವವರೆಗೂ ಆಡಲಿಲ್ಲ. ಆದರೆ ಹದಿನೈದು ದಿನಕ್ಕೊಮ್ಮೆ ಜೀಪು ಬಂದುಹೋದ ಮೇಲೆ, ಬುತ್ತಿ ಬಿಚ್ಚುವ ಮೊದಲೇ ಬಂದು ಬಾಗಿಲ ಎದುರಿಗೆ, ಬೀರವ್ವನಿಗೆ ಬೆನ್ನು ಮಾಡಿ ಕೂರುತ್ತಿದ್ದಳು. ಬೀರವ್ವ ಓದುತ್ತಿದ್ದಳು.